ಏಲಕ್ಕಿ ಮಂಡಿಯ ಮೆಟ್ಟಿಲು

ಬಿ.ಎಸ್‌ಸಿ. ಮುಗಿಸಿ ಸಕಲೇಶಪುರದ ಏಲಕ್ಕಿ ಮಂಡಿಯೊಂದರಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕಿದ್ದೆ. ಮಾರನಹಳ್ಳಿ ಕಡೆಯ ಎಸ್ಟೇಟಿನವರು ಹೆಚ್ಚು ಸಂಬಳಕ್ಕೆ ಕರೆದರು. ನನಗೆ ಮಂಡಿ ಬಿಡುವ ಮನಸ್ಸಿರಲಿಲ್ಲ. ಅಷ್ಟೇ ಸಂಬಳ ಇಲ್ಲೇ ಸಿಕ್ಕರೆ ಸಾಕಿತ್ತು. ಮಂಡಿಯ ಸಾಹುಕಾರರನ್ನು ಕೇಳುವುದೋ ಬೇಡವೋ ಎಂದು ವಾರವಿಡೀ ಯೋಚಿಸಿದೆ.

ಕೇಳುವ ರೀತಿಯೇನೋ ದಿನವೂ ಕಣ್ಣೆದುರೇ ಇತ್ತು. ಬೆಳೆಗಾರರು “ಪಕ್ಕದ ಮಂಡೀಲಿ ಜಾಸ್ತಿ ಕೊಡ್ತಾರೆ” ಎನ್ನುತ್ತಿದ್ದರು. ಸಾಹುಕಾರರು “ಹಂಗಾರೆ ಅಲ್ಲೇ ಕೊಡಿ ಮಾರಾಯ್ರೆ” ಎನ್ನುತ್ತಿದ್ದರು. ಬೆಳೆಗಾರ ಮೂಟೆ ಹೊತ್ತು ಕೊನೆಯ ಮೆಟ್ಟಿಲು ತಲುಪುವಷ್ಟರಲ್ಲಿ ಅವರೇ ಕೂಗಿ ಕರೆದು ಬೆಲೆ ಏರಿಸುತ್ತಿದ್ದರು. ಇದು ಒಮ್ಮೆಯೂ ತಪ್ಪಿದ್ದಿಲ್ಲ.

ನಾನೂ ಎಸ್ಟೇಟಿನವರು ಕೊಡುವ ಸಂಬಳದ ವಿಷಯ ಹೇಳಿದೆ.

“ಹಂಗಾರೆ ಅಲ್ಲಿಗೇ ಹೋಗಿ ಮಾರಾಯ್ರೆ,” ಎಂದರು.

ಸಂತೋಷದಿಂದ ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲಲ್ಲಿ ನಿಂತೆ. ಕರೆಯಲಿಲ್ಲ. ರಸ್ತೆಗಿಳಿದು ಚಪ್ಪಲಿ ಸರಿಮಾಡಿಕೊಂಡೆ. ಆಗಲೂ ಇಲ್ಲ. ಮಳೆ ಶುರುವಾಯಿತು. ನಾಚಿಕೆ ಬಿಟ್ಟು ವಾಪಸು ಹತ್ತಿದೆ.

“ಕರೀಲೇ ಇಲ್ವಲ್ಲ?” ಎಂದೆ.

ಸಾಹುಕಾರರು ಗೋಡೆಯ ಗೂಟದತ್ತ ಬೆರಳು ತೋರಿಸಿದರು. “ಹೋಗೋರು ಮೂಟೆ ಹೊತ್ಕಂಡು ಹೋಯ್ತಾರೆ ಕಣ್ರೀ. ನಿಮ್ ಕೊಡೆ ಇಲ್ಲೇ ನೇತಾಡ್ತೈತೆ. ಯಾಕೆ ಕರೀಲಿ?”

ಕೇಳಿದ್ದರಲ್ಲಿ ಅರ್ಧ ಏರಿಸಿದರು. ಅಂದಿನಿಂದ ಸಂಬಳದ ಮಾತೆತ್ತುವ ದಿನ ನಾನು ಕೊಡೆಯನ್ನು ಕಂಕುಳಲ್ಲೇ ಇಟ್ಟುಕೊಳ್ಳುತ್ತೇನೆ. ಸಾಹುಕಾರರು ತಾವೇ ಎದ್ದು ಬಂದು, ಬಹಳ ಮರ್ಯಾದೆಯಿಂದ ಅದನ್ನು ಇಸಿದುಕೊಂಡು ಗೂಟಕ್ಕೆ ಹಾಕುತ್ತಾರೆ.