ಅಳಿಯದ ಗೆರೆ

ಗೋರೆಗಾಂವ್‌ನ ಲ್ಯಾಬಿಗೆ ನಾನು ಪಿಎಚ್‌ಡಿಗೆಂದು ಸೇರಿದಾಗ ಅಲ್ಲಿ ಕನ್ನಡ ಬಲ್ಲವರು ಇನ್ನೊಬ್ಬರೇ ಇದ್ದರು. ಉಡುಪಿ ಕಡೆಯವರು, ನನಗಿಂತ ಹಿರಿಯ ವಿದ್ಯಾರ್ಥಿನಿ. ಅವರ ತಂದೆ ಕಾಂದಿವಲಿಯ ಹೋಟೆಲೊಂದರಲ್ಲಿ ಕ್ಯಾಶಿಯರ್. ನನ್ನ ಅಪ್ಪ ಕಟ್ಟಡ ಕೆಲಸಕ್ಕೆಂದು ವಿಜಯಪುರದಿಂದ ಬಂದವರು. ಮೊದಲ ದಿನದಿಂದಲೇ ಅವರನ್ನು ಅಕ್ಕ ಎಂದು ಕರೆಯತೊಡಗಿದೆ.

ಅಕ್ಕನ ಪಿಎಚ್‌ಡಿ ಪ್ರಬಂಧವೆಲ್ಲ ನಿಂತಿದ್ದು ವಿದೇಶದಿಂದ ತರಿಸಿದ ಒಂದು ಆಂಟಿಬಾಡಿಯ ಮೇಲೆ. ಜೀವಕೋಶದ ಸಾವಿರಾರು ಪ್ರೋಟೀನುಗಳಲ್ಲಿ ಒಂದನ್ನು ಮಾತ್ರ ಹುಡುಕಿ ಅಂಟಿಕೊಳ್ಳುವುದು ಅದರ ಕೆಲಸ. ಅಂಟಿಕೊಂಡರೆ ಎಕ್ಸ್‌-ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ನಮ್ಮ ಮಾತಿನಲ್ಲಿ ಬ್ಯಾಂಡ್. ಸ್ತನ ಕ್ಯಾನ್ಸರಿನ ಗಡ್ಡೆಗಳಲ್ಲಿ ಆ ಗೆರೆ ದಟ್ಟವಾಗಿರುತ್ತದೆಂದು ಅಕ್ಕ ವರ್ಷಗಟ್ಟಲೆ ದುಡಿದು ತೋರಿಸಿದ್ದರು. ಪ್ರಬಂಧ ಮುಗಿಯುತ್ತ ಬಂದಿತ್ತು.

ಆ ಪ್ರೋಟೀನ್ ಇಲ್ಲದಿದ್ದರೆ ಜೀವಕೋಶಕ್ಕೆ ಏನಾಗುತ್ತದೆಂದು ನೋಡುವುದು ನನಗೆ ಒಪ್ಪಿಸಿದ ಕೆಲಸ. ಅದನ್ನು ತಯಾರಿಸುವ ಜೀನನ್ನೇ ಜೀವಕೋಶದಿಂದ ಕತ್ತರಿಸಿ ತೆಗೆದೆ. ತೆಗೆದದ್ದು ನಿಜವೆಂದು ಡಿಎನ್‌ಎ ಪರೀಕ್ಷೆಯೂ ಹೇಳಿತು. ಆಮೇಲೆ ಅದೇ ಆಂಟಿಬಾಡಿ ಹಾಕಿ ನೋಡಿದರೆ ಅಳಿದಿರಬೇಕಾದ ಗೆರೆ ಇದ್ದ ಹಾಗೆಯೇ ಇತ್ತು. ನನ್ನದೇ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಆಂಟಿಬಾಡಿಯ ಹೊಸ ಶೀಶೆ ತೆರೆದು ಮಾಡಿದೆ. ಗೆರೆ ಹೋಗಲಿಲ್ಲ.

ಅಕ್ಕನಿಗೆ ಫಿಲ್ಮ್ ತೋರಿಸಿದೆ. “ಅಕ್ಕಾ, ಈ ಸೆಲ್ಲಿನಾಗ ಆ ಪ್ರೋಟೀನ್ ಇಲ್ಲೇ ಇಲ್ಲ. ಮತ್ತ ಬ್ಯಾಂಡ್ ಯಾಕ ಬರಾಕತ್ತೈತಿ?”

ಅವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಜೀನ್ ತೆಗೆದಿದ್ದ ಜೀವಕೋಶಗಳನ್ನು ಕೇಳಿ ಪಡೆದು ತಾವೇ ಕೂತು ಎಲ್ಲವನ್ನೂ ಮಾಡಿದರು. ಅದೇ ಗೆರೆ ಬಂತು. ಶೀಶೆಯಲ್ಲಿದ್ದದ್ದು ಇಷ್ಟು ವರ್ಷ ಬೇರೆ ಯಾವುದೋ ಪ್ರೋಟೀನಿಗೆ ಅಂಟಿಕೊಳ್ಳುತ್ತಿತ್ತು. ಅಕ್ಕ ಗಡ್ಡೆಗಳಲ್ಲಿ ಕಂಡ ಗೆರೆಯೂ ಅದರದ್ದೇ.

“ಸರ್‌ಗೆ ನಾನೇ ಹೇಳ್ತೇನೆ,” ಎಂದರು. “ನೀನು ಬರುದು ಬೇಡ ಮಾರಾಯ್ತಿ.”

ನಮ್ಮಿಬ್ಬರಿಗೂ ಗೈಡ್ ಆಗಿದ್ದ ಸರ್ ಮೊದಲು ನನ್ನ ಕೆಲಸವನ್ನೇ ಶಂಕಿಸಿದರಂತೆ. ಆಮೇಲೆ, ಪ್ರಬಂಧ ಸಲ್ಲಿಸಿಬಿಡು, ಇದನ್ನೆಲ್ಲ ಯಾರು ಕೆದಕುತ್ತಾರೆ ಎಂದರಂತೆ. ಅಕ್ಕ ಒಪ್ಪಲಿಲ್ಲ. ಆಂಟಿಬಾಡಿ ಮಾರುವ ಕಂಪನಿಯವರನ್ನು ವಿಚಾರಿಸಿದರೆ, ಬೇಕಿದ್ದರೆ ಇನ್ನೊಂದು ಶೀಶೆ ಕಳಿಸುತ್ತೇವೆ ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಫೆಲೋಶಿಪ್ಪೂ ಮುಗಿದಿತ್ತು. ಮೊದಲಿನಿಂದ ಶುರು ಮಾಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಪಿಎಚ್‌ಡಿ ಬಿಟ್ಟರು.

ಲ್ಯಾಬಿನಲ್ಲಿ ಅವರ ಕೊನೆಯ ದಿನ ಲೋಕಲ್ ರೈಲಿನಲ್ಲಿ ಒಟ್ಟಿಗೆ ಹೊರಟೆವು. ದಾರಿಯಲ್ಲಿ ಅವರು ಮೆಲ್ಲಗೆ ಹೇಳಿದರು: “ನಮ್ಮ ಕೆಲಸಕ್ಕೆ ಗಡ್ಡೆ ಕೊಟ್ಟ ಹೆಂಗಸರ ಹತ್ರ ನಾನೇ ಕೂತು ಒಪ್ಪಿಗೆ ತಗೊಂಡದ್ದು. ಮುಂದೆ ಬೇರೆಯವರಿಗೆ ಉಪಕಾರ ಆಗ್ತದೆ ಅಂತ ಹೇಳಿದ್ದೆ. ಅವರಲ್ಲಿ ಸುಮಾರು ಜನ ಈಗ ಇಲ್ಲ.”

ಕಾಂದಿವಲಿ ಬಂದಾಗ ನೂಕುನುಗ್ಗಲಲ್ಲಿ ಇಳಿದುಹೋದರು.

ಬೇರೆ ವಿಷಯ ಹಿಡಿದು ನಾನು ಪಿಎಚ್‌ಡಿ ಮುಗಿಸಿದೆ. ಅಕ್ಕ ಕೋಚಿಂಗ್ ಕ್ಲಾಸಿನಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಆ ಆಂಟಿಬಾಡಿ ಈಗಲೂ ಮಾರಾಟಕ್ಕಿದೆ. ಕಳೆದ ವರ್ಷ ವಿಲೆ ಪಾರ್ಲೆ ಸ್ಟೇಷನ್ನಿನ ಸೇತುವೆಯ ಮೇಲೆ ಅಕ್ಕ ಎದುರಾದರು. ನನ್ನ ಅಮ್ಮನ ಮಂಡಿನೋವು ಹೇಗಿದೆಯೆಂದು ವಿಚಾರಿಸಿದರು. ಲ್ಯಾಬಿನ ಸುದ್ದಿ ಕೇಳಲಿಲ್ಲ.