ಮಗಳ ಕರುಳಿನ ಸದ್ದು ಕೇಳಿದ ದಿನ

ಆಪರೇಷನ್ ಥಿಯೇಟರಿನ ಬಾಗಿಲು ತೆಗೆದು ಸಿಸ್ಟರ್ ಹೊರಗೆ ಬಂದರು. ಕೈಯಲ್ಲಿ ಸಣ್ಣ ಟ್ರಾನ್ಸಿಸ್ಟರ್‌ನಂಥ ಒಂದು ಡಬ್ಬಿ.

"ಹತ್ತಿರದಲ್ಲಿ ರೇಡಿಯೋ ರಿಪೇರಿ ಮಾಡೋರು ಯಾರಾದ್ರೂ ಇದಾರಾ?" ಅಂತ ಆಯಾಳನ್ನು ಕೇಳಿದರು.

ಬೆಂಚಿನ ಮೇಲಿದ್ದ ನಾನು ಎದ್ದು ನಿಂತೆ. "ನಾನೇ ಅದೀನ್ರೀ."

ಸಿಸ್ಟರ್ ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ ಬಿಡಿ.

ತೊಂಬತ್ತರ ದಶಕದ ಮಾತು. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಆದರೆ ಅವತ್ತು ನಾನು ಒಳಗೆ ಮಲಗಿದ್ದ ಹನ್ನೆರಡು ದಿನದ ಕೂಸಿನ ಅಪ್ಪ ಅಷ್ಟೇ.

ಹೆಂಡತಿ ಗಿರಿಜಾ ಹೆರಿಗೆಗೆ ಅಂತ ಆನವಟ್ಟಿಯ ತವರಿಗೆ ಹೋಗಿದ್ದಳು. ಎಂಟು ತಿಂಗಳಿಗೇ ಹೆರಿಗೆ. ಹತ್ತನೇ ದಿನ ಕೂಸಿನ ಹೊಟ್ಟೆ ಬಿರುಸಾಗಿ ಉಬ್ಬಿತು, ಹಸಿರು ವಾಂತಿ ಶುರುವಾಯಿತು... ಜೀಪು ಮಾಡಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಬಿಡಿಸಿ ಹೇಳಿದ್ದರು. "ಕರುಳಿಗೆ ರಕ್ತ ಹೋಗ್ತಿಲ್ಲ. ಸತ್ತಿರೋ ಭಾಗ ತೆಗೀಲೇಬೇಕು, ಬಿಟ್ರೆ ವಿಷ ಆಗುತ್ತೆ. ಹೆಚ್ಚು ತೆಗೆದ್ರೆ ಮಗೂಗೆ ಜೀವನಪೂರ್ತಿ ಹಾಲು, ಅನ್ನ ದಕ್ಕಲ್ಲ."

ಎಲ್ಲಿಯವರೆಗೆ ಸತ್ತಿದೆ ಅಂತ ತಿಳಿಯಲು ಈ ಡಬ್ಬಿ. ಇದರ ಪೆನ್ಸಿಲ್‌ನಂಥ ಕಡ್ಡಿಯನ್ನು ಕರುಳಿನ ಮೇಲೆ ಇಟ್ಟರೆ, ರಕ್ತ ಹರಿಯುವ ಕಡೆ ಸದ್ದು ಬರುತ್ತದೆ. ಹರಿಯದ ಕಡೆ ಬರುವುದಿಲ್ಲ.

ಈಗ ಡಬ್ಬಿಯೇ ಮೂಕವಾಗಿತ್ತು!

ಜೇಬಿನಲ್ಲಿ ಟೆಸ್ಟರ್ ಇತ್ತು. ಮದುವೆಯ ದಿನವೂ ಇತ್ತು, ಅದು ಬೇರೆ ವಿಷಯ. ಡಬ್ಬಿ ಬಿಚ್ಚಿ ಬ್ಯಾಟರಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಚುರ್ ಅಂತು. ಬ್ಯಾಟರಿಯಲ್ಲಿ ಜೀವ ಇದೆ ಅಂತ ಅರ್ಥ.

ಪಕ್ಕದಲ್ಲಿದ್ದ ನಮ್ಮ ಅತ್ತೆ ಹೌಹಾರಿದರು. "ಎಂತದ್ರೀ ಅಳಿಯಂದ್ರೇ, ಆಸ್ಪತ್ರೆ ಸಾಮಾನು ನೆಕ್ಕ್ತೀರಲ್ರೀ!"

ಬ್ಯಾಟರಿ ಕ್ಲಿಪ್ಪಿನ ತಂತಿ ಒಳಗೇ ತುಂಡಾಗಿತ್ತು. ಕಾಯಿಸಿ ಬೆಸುಗೆ ಹಾಕಲು ಅಲ್ಲಿ ಏನಿದೆ? ತಂತಿ ಹೊಸೆದು ಗಾಯದ ಪಟ್ಟಿ ಸುತ್ತಿದೆ. ಸಿಸ್ಟರ್ ನನ್ನ ಮಣಿಕಟ್ಟಿಗೆ ಜೆಲ್ಲಿ ಹಚ್ಚಿ ಕಡ್ಡಿ ಇಟ್ಟರು.

ಶುಂಯ್... ಶುಂಯ್... ಶುಂಯ್...

ನನ್ನದೇ ರಕ್ತದ ಸದ್ದು! ಅತ್ತೆ ಎರಡೂ ಕೈ ಎತ್ತಿ ಡಬ್ಬಿಗೇ ನಮಸ್ಕಾರ ಮಾಡಿದರು.

"ಬಾಗಿಲ ಹತ್ರಾನೇ ಇರಿ" ಅಂತ ಹೇಳಿ ಸಿಸ್ಟರ್ ಒಳಗೆ ಹೋದರು. ಕಡ್ಡಿಯನ್ನು ಶುದ್ಧ ಮಾಡಿಕೊಟ್ಟ ಮೇಲೆ ಡಾಕ್ಟರು ಆಪರೇಷನ್ ಶುರು ಮಾಡಿದರು.

ಎಷ್ಟು ಹೊತ್ತೋ ಗೊತ್ತಿಲ್ಲ. ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೇನೆ. ಶುಂಯ್ ಶುಂಯ್ ಅಂತ ಸಣ್ಣಗೆ, ಬಹಳ ಬೇಗಬೇಗ ಬರುತ್ತಿದೆ. ಮಗಳು ಅಳುವುದನ್ನೂ ನಾನು ಸರಿಯಾಗಿ ಕೇಳಿರಲಿಲ್ಲ, ಅವಳ ಕರುಳಿನ ಸದ್ದು ಕೇಳುತ್ತಿದ್ದೇನೆ.

ಇದ್ದಕ್ಕಿದ್ದಂತೆ ಸದ್ದು ನಿಂತಿತು.

ಒಳಗೆ ಡಾಕ್ಟರು "ಇಲ್ಲಿಂದ ಇಲ್ಲ" ಅಂದರು.

ಆಗ ನೆನಪಾಯಿತು. ಅಂಗಡಿಯಲ್ಲಾದರೆ ತಂತಿಗೊಂದು ಗಂಟು ಹಾಕುತ್ತೇನೆ, ಎಳೆದರೂ ಕಿತ್ತು ಬರದ ಹಾಗೆ. ಇವತ್ತು ಗಡಿಬಿಡಿಯಲ್ಲಿ ಮರೆತಿದ್ದೆ! ರಕ್ತ ನಿಂತಿದೆಯೋ ನನ್ನ ತಂತಿ ಕಿತ್ತಿದೆಯೋ? ತಂತಿಯೇ ಆಗಿದ್ದರೆ ಅವರು ಜೀವ ಇರುವ ಕರುಳನ್ನು ಕತ್ತರಿಸುತ್ತಾರೆ.

ಬಾಗಿಲು ಬಡಿದು ಕಿರುಚಿಬಿಟ್ಟೆ.

"ಸಾರ್, ಬ್ಯಾರೆ ಸ್ಟೇಷನ್ ಹಾಕಿ ನೋಡ್ರೀ! ಚೊಲೋ ಇರೋ ಕರುಳಿನ ಮ್ಯಾಲೆ ಇಟ್ಟು ನೋಡ್ರೀ!"

ನಮ್ಮ ಕಸುಬಿನ ಮೊದಲ ಪಾಠ ಅದು. ಒಂದು ಸ್ಟೇಷನ್ ಬರಲಿಲ್ಲ ಅಂತ ಸೆಟ್ಟನ್ನೂ ಬೈಯಬೇಡ, ಸ್ಟೇಷನ್ನನ್ನೂ ಬೈಯಬೇಡ. ಗಟ್ಟಿಯಾಗಿ ಬರುವ ಇನ್ನೊಂದಕ್ಕೆ ಮೊದಲು ತಿರುಗಿಸಿ ನೋಡು.

ಒಳಗೆ ಕಡ್ಡಿಯನ್ನು ಒಳ್ಳೇ ಕಡೆ ಇಟ್ಟು ನೋಡಿರಬೇಕು. ಆಮೇಲೆ ಡಾಕ್ಟರ ದನಿ. "ಒಳ್ಳೇ ಕಡೆಯೂ ಸದ್ದಿಲ್ಲ. ಡಬ್ಬಿ ನೋಡಿ ಸಿಸ್ಟರ್."

ಡಬ್ಬಿ ಹೊರಗೆ ಬಂತು. ಹೌದು, ತಂತಿ ಕಿತ್ತಿತ್ತು. ಈ ಸಲ ಗಂಟು ಹಾಕಿ ಕಳಿಸಿದೆ. ಮತ್ತೆ ಸದ್ದು ಬಂತು... ನಾನು ಮತ್ತೆ ಬಾಗಿಲಿಗೆ ಕಿವಿಯಿಟ್ಟೆ.

ಮಧ್ಯಾಹ್ನ ಡಾಕ್ಟರು ಮಾಸ್ಕ್ ಇಳಿಸಿಕೊಂಡು ಬಂದರು. "ಬಣ್ಣ ನೀಲಿಗಟ್ಟಿತ್ತು, ಅಷ್ಟೂ ಹೋಯ್ತು ಅಂದ್ಕೊಂಡಿದ್ದೆ. ಬಿಸಿ ಬಟ್ಟೆ ಹಾಕಿ ಕಾದ್ವಿ, ಬಣ್ಣನೂ ತಿರುಗ್ತು, ಸದ್ದೂ ಬಂತು. ನಾಲ್ಕು ಬೆರಳಷ್ಟೇ ತೆಗೆದಿದೀನಿ."

ಹೆಗಲು ತಟ್ಟಿ, "ಥಿಯೇಟರ್ ಬಾಗಿಲು ಬಡಿದಿದ್ದು ಮಾತ್ರ ತಪ್ಪು" ಅಂದು ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಕರುಳನ್ನು ತಕ್ಷಣ ಜೋಡಿಸಿರಲಿಲ್ಲ. ಕಕ್ಕ ಹೊರಗೆ ಬರಲು ಹೊಟ್ಟೆಯ ಮೇಲೇ ಒಂದು ಬಾಯಿ ಮಾಡಿದ್ದರು. ಕೆಲವು ತಿಂಗಳ ಮೇಲೆ ಇನ್ನೊಂದು ಆಪರೇಷನ್ ಮಾಡಿ ಜೋಡಿಸಿದರು. ಕೂಸು ಎಲ್ಲರ ಹಾಗೆ ಕಕ್ಕ ಮಾಡಿದರೆ ಗೆದ್ದಂತೆ ಅಂದರು.

ಕಾದೆವು. ಒಂದು ದಿನ, ಎರಡು ದಿನ... ದೇವರಿಗೆ ಇಂಥ ಬೇಡಿಕೆಯನ್ನು ಯಾರಾದರೂ ಇಟ್ಟಿದ್ದಾರೋ ಇಲ್ಲವೋ!

ನಾಲ್ಕನೇ ದಿನ ಬೆಳಗ್ಗೆ ಅತ್ತೆ ಕೂಸಿನ ಬಟ್ಟೆಯನ್ನು ಬಾವುಟದ ಹಾಗೆ ಹಿಡಿದು ವಾರ್ಡಿನಿಂದ ಓಡಿ ಬಂದರು. "ಅಳಿಯಂದ್ರೇ, ಆತು! ಆತ್ರೀ! ಬಂದ್ ನೋಡ್ರಿ!" ಗಿರಿಜಾ ಹಿಂದಿನಿಂದ "ಅವ್ವಾ, ಮೆಲ್ಲಗೆ" ಅನ್ನುತ್ತಾ ಅಳುತ್ತಿದ್ದಳು, ನಗುತ್ತಿದ್ದಳು.

ಊರಿಗೆ ಬಂದವನೇ ಅಂಗಡಿಯ ಸಾಲಿಗೆಲ್ಲ ಸಕ್ಕರೆ ಹಂಚಿದೆ. ಪಕ್ಕದ ಟೈಲರ್ "ಏನ್ರೀ ವಿಶೇಷ?" ಅಂತ ಕೇಳಿದ. ಇದ್ದದ್ದು ಇದ್ದಹಾಗೆ ಹೇಳಿದೆ. ಬಾಯಿಗೆ ಹಾಕಿಕೊಂಡಿದ್ದ ಸಕ್ಕರೆಯನ್ನು ನುಂಗಲೋ ಉಗುಳಲೋ ಅಂತ ನಿಂತುಬಿಟ್ಟ ಪಾಪ.

ಮಗಳು ಮೊನ್ನೆ ಭಾನುವಾರ ಬಂದಿದ್ದಳು. ನಾಲ್ಕು ರೊಟ್ಟಿ, ಎಣ್ಣೆಗಾಯಿ, ಮೇಲೆ ಮೊಸರನ್ನ ತಿಂದು "ಅಪ್ಪಾ, ಇನ್ನೂ ಏನೈತಿ?" ಅಂತ ಪಾತ್ರೆ ಮುಚ್ಚಳ ತೆಗೆದು ನೋಡುತ್ತಿದ್ದಳು.

ಮಗು ಕಕ್ಕ ಮಾಡಿತು ಅಂತ ಬೀದಿಗೆಲ್ಲ ಸಕ್ಕರೆ ಹಂಚಿದ ಅಪ್ಪ ನಾನೊಬ್ಬನೇನಾ, ನಿಮ್ಮಲ್ಲೂ ಯಾರಾದರೂ ಇದ್ದೀರಾ?