ನಾನು ಮಾಡದ ಉಪವಾಸ

ಹೋದ ವರ್ಷದ ಬೇಸಿಗೆ. ನನ್ನ ಓರಗಿತ್ತಿ ಜಯಕ್ಕನ ಮಗಳ ಮಗಳು ಸಿಂಧುವಿಗೆ ನಿಶ್ಚಿತಾರ್ಥ. ಗಂಡಿನ ಕಡೆಯವರು ತರೀಕೆರೆಯವರು, ಛತ್ರವನ್ನು ಅವರೇ ಹಿಡಿದಿದ್ದರು. ಅಜ್ಜಂಪುರದಿಂದ ನಾನೂ ನಮ್ಮ ಯಜಮಾನರೂ ಬೆಳಗಿನ ಬಸ್ಸಿಗೆ ಹೊರಟೆವು. ಅವರು ಬಾಟಲಿ ತುಂಬ ನೀರು ಹಿಡಿದುಕೊಂಡರು. ನಾನು ಹಿಂದಿನ ಸಂಜೆಯಿಂದಲೇ ನೀರು ಬಿಟ್ಟಿದ್ದೆ.

ಕಾರಣ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅರವತ್ತು ದಾಟಿದ ಮೇಲೆ ನನಗೊಂದು ತೊಂದರೆ ಶುರುವಾಗಿತ್ತು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ತಡೆಯಲಾಗದೆ ಒಂದಿಷ್ಟು ಮೂತ್ರ ಹೋಗಿಬಿಡುತ್ತಿತ್ತು. ಯಜಮಾನರಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಡಾಕ್ಟರ ಮಾತಂತೂ ದೂರವೇ ಉಳಿಯಿತು. ಮದುವೆ ಮುಂಜಿ ಎಂದರೆ ಗಾಢ ಬಣ್ಣದ ಸೀರೆ ಉಟ್ಟು, ಬಾಯಿ ಒಣಗಿಸಿಕೊಂಡು ಮೂಲೆಯ ಕುರ್ಚಿ ಹಿಡಿಯುವುದು. ಅದು ನಾನೇ ಕಂಡುಕೊಂಡ ಔಷಧಿ.

ಛತ್ರದ ಬಾಗಿಲಲ್ಲೇ ಪಾನಕ ಕೊಟ್ಟರು, ಬೇಡವೆಂದೆ. ಒಳಗೆ ಮಜ್ಜಿಗೆ ತಂದರು, ಅದನ್ನೂ ಬೇಡವೆಂದೆ. ಉಪಚಾರದಲ್ಲಿ ಏನೋ ಕೊರತೆಯಾಗಿರಬೇಕು ಎಂದುಕೊಂಡ ಹುಡುಗನ ತಾಯಿ ತಾವೇ ಬಂದು ವಿಚಾರಿಸಿದರು. ನನಗೆ ತಬ್ಬಿಬ್ಬಾಯಿತು.

"ಇವತ್ತು ಸೋಮವಾರ ಅಲ್ವೇನಮ್ಮಾ, ಉಪವಾಸ" ಎಂದುಬಿಟ್ಟೆ.

ಆಕೆ ಎರಡೂ ಕೈ ಮುಗಿದರು. ಈ ಬಿಸಿಲಲ್ಲಿ, ಈ ವಯಸ್ಸಲ್ಲಿ ಹನಿ ನೀರೂ ಇಲ್ಲದೆ ಇರುವುದೆಂದರೆ ಸಾಮಾನ್ಯವಲ್ಲ ಎಂದು ಸುತ್ತಲಿದ್ದವರಿಗೆಲ್ಲ ಹೇಳಿದರು. ಸಿಂಧುವನ್ನು ಕರೆಸಿ ನನ್ನ ಕಾಲಿಗೆ ಬೀಳಿಸಿದರು. ಅವಳ ಹಿಂದೆ ಇನ್ನಷ್ಟು ಹೆಂಗಸರು ಬಂದು ನಮಸ್ಕರಿಸಿದರು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು. ಬಿಸಿ ಇಡ್ಲಿಯ ತಟ್ಟೆಗಳು ಎದುರಿಗೇ ಹೋಗುವಾಗ ಮಾತ್ರ ಹೊಟ್ಟೆ ಚುರುಗುಟ್ಟಿತು.

ಪಕ್ಕದಲ್ಲಿ ಕೂತಿದ್ದ ಜಯಕ್ಕ ಇದನ್ನೆಲ್ಲ ನೋಡುತ್ತಿದ್ದರು. ನನಗಿಂತ ಸಾಕಷ್ಟು ಹಿರಿಯರು, ಬುಕ್ಕಾಂಬುಧಿಯಲ್ಲಿ ಮಗನ ಜೊತೆಗಿದ್ದಾರೆ, ಸಕ್ಕರೆ ಕಾಯಿಲೆ ಬೇರೆ ಇದೆ. ಸೊಸೆ ತಂದ ಇಡ್ಲಿ ತಟ್ಟೆಯನ್ನು ಅವರು ಹಿಂದಕ್ಕೆ ತಳ್ಳಿದರು.

"ಚಿಕ್ಕಜ್ಜಿ ಉಪವಾಸ ಇರೋವಾಗ ಸ್ವಂತ ಅಜ್ಜಿ ನಾನು ತಿಂದ್ಕೊಂಡು ಕೂತ್ರೆ ಚೆಂದಾನಾ? ನಂಗೂ ಬ್ಯಾಡ. ನೀರೂ ಬ್ಯಾಡ."

ಬೆಳಿಗ್ಗೆಯೇ ಶುಗರ್ ಮಾತ್ರೆ ನುಂಗಿದ್ದೀರಲ್ಲ ಅಕ್ಕಾ ಎಂದೆ. ಒಂದು ದಿನಕ್ಕೆ ಏನೂ ಆಗಲ್ಲ ಬಿಡು ಎಂದರು. ಆಗಲೇ ಅವರ ಕಿವಿಯಲ್ಲಿ ನಿಜ ಉಸುರಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ.

ಉಂಗುರ ಹಾಕುವ ಹೊತ್ತಿಗೆ ಜಯಕ್ಕನ ಮೈಯೆಲ್ಲ ಬೆವರಿತು, ಮಾತು ತೊದಲಿತು. ನನ್ನ ಭುಜಕ್ಕೆ ಒರಗಿದವರು ಹಾಗೇ ಕೆಳಗೆ ಜಾರಿದರು. ವಾಲಗ ನಿಂತಿತು. ಸಿಂಧು ಅಳುತ್ತ ಓಡಿಬಂದಳು. ಅವರ ಮಗ, ನಾನು ಸೇರಿ ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ತೀರಾ ಇಳಿದಿದೆ ಎಂದು ಡ್ರಿಪ್ ಹಾಕಿದ ಡಾಕ್ಟರು, ಮಾತ್ರೆ ಕೊಟ್ಟು ಉಪವಾಸ ಕೂರಿಸಿದವರು ಯಾರು ಎಂದು ಸಿಟ್ಟಾದರು.

"ಚಿಕ್ಕಮ್ಮನೂ ಉಪವಾಸನೇ ಸಾರ್. ಅವರಿಗೆ ಭಕ್ತಿ ಜಾಸ್ತಿ, ತಡ್ಕೊಂತಾರೆ. ಅಮ್ಮನ ಕೈಲಿ ಆಗ್ಲಿಲ್ಲ" ಎಂದ ಜಯಕ್ಕನ ಮಗ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಔಷಧಿ ತರಲು ಹೋದ ಮೇಲೆ ಜಯಕ್ಕ ಕಣ್ಣು ಬಿಟ್ಟರು. ಅವರ ಕೈ ಹಿಡಿದು ಎಲ್ಲ ಹೇಳಿದೆ. ಉಪವಾಸವೂ ಇಲ್ಲ, ಭಕ್ತಿಯೂ ಇಲ್ಲ, ಸೀರೆ ಒದ್ದೆಯಾದೀತೆಂಬ ಭಯ ಅಷ್ಟೇ ಎಂದೆ. ಅವರು ನನ್ನ ಕಡೆಗೆ ಮುಖ ತಿರುಗಿಸಿದರು.

"ಅದು ನಂಗೂ ಐತೆ ಕಣೇ, ಕೊನೇ ಹೆರಿಗೆ ಆದಾಗಿಂದ. ಹಳೇ ಪಂಚೆ ಮಡಿಸಿ ಇಟ್ಕೊಂತೀನಿ, ನೀರು ಮಾತ್ರ ಯಾವತ್ತೂ ಬಿಟ್ಟೋಳಲ್ಲ. ಇವತ್ತು ನಿನ್ನ ನೋಡಿ ಬಿಟ್ಟೆ."

ಅಲ್ಲಿ ಛತ್ರದಲ್ಲಿ ಉಂಗುರದ ಶಾಸ್ತ್ರ ಅಜ್ಜಿಯಿಲ್ಲದೆ ಮುಗಿಯಿತು.

ಆಮೇಲೆ ಮಗಳಿಗೆ ಹೇಳಿ ಡಾಕ್ಟರ ಬಳಿ ಹೋದೆ. ವಯಸ್ಸಾದ ಹೆಂಗಸರಲ್ಲಿ ಇದು ಹೊಸದಲ್ಲ, ನೀರು ಬಿಟ್ಟರೆ ಇನ್ನೊಂದು ಕಾಯಿಲೆ ತಂದುಕೊಂಡಂತೆ ಎಂದರು. ಕೂತಲ್ಲೇ ಮಾಡುವ ವ್ಯಾಯಾಮ ಹೇಳಿಕೊಟ್ಟರು. ಈಗ ಎಷ್ಟೋ ವಾಸಿ. ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಬಾಯಾರಿ ಕೂತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ.

ಸಿಂಧುವಿನ ಮದುವೆಯಲ್ಲಿ ಜಯಕ್ಕ ತಾವೇ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟರು. ಕುಡಿಯುತ್ತಿದ್ದೆ, ಹುಡುಗನ ತಾಯಿ ಎದುರಿಗೇ ಬಂದು ನಿಂತರು. ಅಂದೂ ಸೋಮವಾರವೇ. ಇವತ್ತು ಉಪವಾಸವಿಲ್ಲವೇ ಎಂದು ಕೇಳಿದರು.

"ನನ್ನ ಸಲುವಾಗಿ ಬಿಟ್ಟವ್ಳೆ ಕಣಮ್ಮಾ" ಎಂದರು ಜಯಕ್ಕ.

ಆಗಲೂ ನಾನು ಬಾಯಿ ಬಿಡಲಿಲ್ಲ. ಆಕೆ ಮತ್ತೆ ನನಗೆ ಕೈ ಮುಗಿದರು. ಅಷ್ಟು ಜನರ ನಡುವೆ ಸೀರೆ ಒದ್ದೆಯಾಗಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.